ಬಾಗಿಲ ಹೊರಗೆ ನಿಂತ ಊರುಗಳು

2019ರ ಶರತ್ಕಾಲದಲ್ಲಿ ನಾನೂ ನನ್ನ ಶ್ರೀಮತಿಯೂ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ, ಮಗನ ಮನೆಯಲ್ಲಿದ್ದೆವು. ಅಕ್ಟೋಬರ್ 21ರಂದು ಶಾಲೆಯಿಂದ ಬಂದ ಮೊಮ್ಮಗ ಬೆನ್ನ ಮೇಲಿನ ಚೀಲವನ್ನೂ ಇಳಿಸದೆ, "ತಾತ, ನಮ್ಮೂರೂ ಎಂ.ಎಲ್.ಎಸ್. ಸೇರಿತು!" ಎಂದು ಕುಣಿದಾಡಿದ. ಎಂ.ಎಲ್.ಎಸ್. ಎಂದರೆ ಮೇಜರ್ ಲೀಗ್ ಸಾಕರ್. ಅಮೆರಿಕ ಮತ್ತು ಕೆನಡಾಗಳ ವೃತ್ತಿಪರ ಫುಟ್‌ಬಾಲಿನ ಅಗ್ರ ಲೀಗು. ಅದರ 29ನೆಯ ತಂಡವಾಗಿ ಸ್ಯಾಕ್ರಮೆಂಟೊ ಆಯ್ಕೆಯಾಗಿತ್ತು.

ಹದಿನಾರು ತಿಂಗಳ ತರುವಾಯ, 2021ರ ಫೆಬ್ರವರಿ ಕೊನೆಯಲ್ಲಿ, ಅದೇ ಹುಡುಗ ದೂರವಾಣಿಯಲ್ಲಿ ಸಣ್ಣ ದನಿಯಲ್ಲಿ ಕೇಳಿದ: "ತಾತ, ನಮ್ಮೂರು ಏನು ತಪ್ಪು ಮಾಡಿತ್ತು?" ಪ್ರಧಾನ ಹೂಡಿಕೆದಾರ ರಾನ್ ಬರ್ಕಲ್ ಹಿಂದೆ ಸರಿದಿದ್ದರು; ಆಯ್ಕೆ ಅಲ್ಲಿಗೇ ಬಿದ್ದುಹೋಗಿತ್ತು. ದಶಕಗಳ ಕಾಲ ನಿಮಗೆಲ್ಲ ಇತಿಹಾಸ ಬೋಧಿಸಿದ ನನಗೆ ಆ ಮಗುವಿಗೆ ತಟ್ಟನೆ ಉತ್ತರ ಹೇಳಲಾಗಲಿಲ್ಲ. ಅನಂತರ ಓದಿ ತಿಳಿದುಕೊಂಡದ್ದನ್ನು ಪ್ರಿಯ ವಿದ್ಯಾರ್ಥಿಗಳೂ ಬಂಧುಗಳೂ ಆದ ನಿಮ್ಮೆದುರು ಇಡುತ್ತಿದ್ದೇನೆ.

ಇಂಗ್ಲೆಂಡಿನಲ್ಲಿ ಕೆಳಗಿನ ದರ್ಜೆಯ ತಂಡವೊಂದು ಗೆಲ್ಲುತ್ತಾ ಹೋದರೆ ಮೇಲಿನ ದರ್ಜೆಗೆ ಏರುತ್ತದೆ, ಸೋತದ್ದು ಇಳಿಯುತ್ತದೆ. ಅಮೆರಿಕದಲ್ಲಿ ಹಾಗಿಲ್ಲ. ಅದರ ಬೇರು ಫುಟ್‌ಬಾಲಿನಲ್ಲಲ್ಲ, ಬೇಸ್‌ಬಾಲಿನಲ್ಲಿದೆ. 1876ರಲ್ಲಿ ಅಲ್ಲಿ ನ್ಯಾಷನಲ್ ಲೀಗ್ ಹುಟ್ಟಿದಾಗ ಕನಿಷ್ಠ 75,000 ಜನಸಂಖ್ಯೆಯುಳ್ಳ ಊರಿಗೆ ಮಾತ್ರ ಪ್ರವೇಶ, ಒಂದು ಊರಿಗೆ ಒಂದೇ ತಂಡ ಎಂಬ ನಿಯಮ ಮಾಡಿದರು. ಒಳಗಿದ್ದ ಒಡೆಯರೇ ಹೊರಗಿನವರಿಗೆ ಬಾಗಿಲು ತೆರೆಯಬೇಕೋ ಬೇಡವೋ ಎಂದು ನಿರ್ಧರಿಸುವ ಈ ಪದ್ಧತಿಯನ್ನೇ ಮುಂದೆ ಆ ದೇಶದ ದೊಡ್ಡ ಕ್ರೀಡೆಗಳೆಲ್ಲವೂ ಅನುಸರಿಸಿದವು.

ಬಾಗಿಲನ್ನು ಬಿಗಿಯಾಗಿ ಹಿಡಿಯುವುದಕ್ಕೆ ಫುಟ್‌ಬಾಲಿನಲ್ಲಿ ಇನ್ನೊಂದು ಕಾರಣವೂ ಇತ್ತು. 1968ರಲ್ಲಿ ಆರಂಭವಾದ ನಾರ್ತ್ ಅಮೆರಿಕನ್ ಸಾಕರ್ ಲೀಗ್, 1975ರಲ್ಲಿ ಪೆಲೆ ನ್ಯೂಯಾರ್ಕ್ ಕಾಸ್ಮೊಸ್ ತಂಡಕ್ಕೆ ಬಂದ ಮೇಲೆ ಉಬ್ಬತೊಡಗಿತು. ಕೇಳಿದವರಿಗೆಲ್ಲ ತಂಡ ಕೊಟ್ಟು 1978ರ ಹೊತ್ತಿಗೆ 24 ತಂಡಗಳಾದವು. ಆದಾಯ ಮಾತ್ರ ಬೆಳೆಯಲಿಲ್ಲ. 1984ರಲ್ಲಿ ಒಂಬತ್ತೇ ತಂಡಗಳು ಉಳಿದು, ಆ ಋತುವಿನೊಂದಿಗೆ ಲೀಗೇ ಮುಗಿಯಿತು.

1996ರಲ್ಲಿ ಹತ್ತು ತಂಡಗಳೊಂದಿಗೆ ಆಟ ಆರಂಭಿಸಿದ ಎಂ.ಎಲ್.ಎಸ್. ಆ ಪಾಠವನ್ನು ಮರೆಯಲಿಲ್ಲ. ಇಲ್ಲಿ ಲೀಗು ಒಂದೇ ಕಂಪನಿಯಂತೆ. ಆಟಗಾರರ ಒಪ್ಪಂದಗಳು ಲೀಗಿನ ಹೆಸರಿನಲ್ಲಿರುತ್ತವೆ, ತಂಡದ 'ಮಾಲೀಕರು' ವಾಸ್ತವದಲ್ಲಿ ಆ ಕಂಪನಿಯ ಪಾಲುದಾರರು. ಆದ್ದರಿಂದ ಹೊಸದಾಗಿ ಬರುವವರು ತಮ್ಮ ಪಾಲಿಗೆ ಪ್ರವೇಶಧನ ತೆರಬೇಕು. 2007ರಲ್ಲಿ ಟೊರಾಂಟೊ ತೆತ್ತದ್ದು 1 ಕೋಟಿ ಡಾಲರ್. 2019ರಲ್ಲಿ ಸಿನ್ಸಿನಾಟಿ ಆಟಕ್ಕಿಳಿಯುವ ವೇಳೆಗೆ ಅದು 15 ಕೋಟಿಯಾಗಿತ್ತು, ಷಾರ್ಲೆಟ್‌ಗೆ 32.5 ಕೋಟಿ, 2025ರಲ್ಲಿ 30ನೆಯ ತಂಡವಾಗಿ ಕಣಕ್ಕಿಳಿದ ಸ್ಯಾನ್ ಡಿಯಾಗೊಗೆ 50 ಕೋಟಿ. ಹದಿನೆಂಟು ವರ್ಷಗಳಲ್ಲಿ ಐವತ್ತು ಪಟ್ಟು! ಬಾಗಿಲು ಮುಚ್ಚಿಹೋಗುವ ಮುನ್ನ ಒಳಸೇರಬೇಕೆಂಬ ಆತುರವೇ ಬೆಲೆಯನ್ನು ಏರಿಸಿತು.

ಈ ಪೈಪೋಟಿ ತಾರಕಕ್ಕೇರಿದ್ದು 2017ರ ಜನವರಿಯಲ್ಲಿ. ಆ ತಿಂಗಳ 31ರೊಳಗೆ ಅರ್ಜಿ ಸಲ್ಲಿಸಿರೆಂದು ಲೀಗು ಪ್ರಕಟಿಸಿದಾಗ ಹನ್ನೆರಡು ಊರುಗಳು ಮುಂದೆ ಬಂದವು. ಪ್ರತಿಯೊಂದೂ ಸಿರಿವಂತ ಒಡೆಯರನ್ನೂ ಕ್ರೀಡಾಂಗಣದ ನಕ್ಷೆಯನ್ನೂ ಅಭಿಮಾನಿಗಳ ಉತ್ಸಾಹವನ್ನೂ ತೋರಿಸಬೇಕಿತ್ತು. ಆ ಹನ್ನೆರಡರಲ್ಲಿ ಮೂರು ಊರುಗಳ ಕಥೆಯನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ಮಿಸ್ಸೌರಿ ರಾಜ್ಯದ ಸೇಂಟ್ ಲೂಯಿಸ್. ಅಮೆರಿಕದ ಫುಟ್‌ಬಾಲಿಗೆ ತವರೂರೆಂಬುದು ಇದ್ದರೆ ಅದು ಇದೇ. 1950ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡನ್ನು 1–0ಯಿಂದ ಸೋಲಿಸಿ ಜಗತ್ತನ್ನು ಬೆರಗುಗೊಳಿಸಿದ ಅಮೆರಿಕ ತಂಡದ ಹನ್ನೊಂದು ಮಂದಿಯಲ್ಲಿ ಐವರು ಈ ಊರಿನವರು. ಆದರೂ 2017ರ ಏಪ್ರಿಲ್ 4ರಂದು, ಕ್ರೀಡಾಂಗಣಕ್ಕೆ ಸುಮಾರು 6 ಕೋಟಿ ಡಾಲರ್ ಸಾರ್ವಜನಿಕ ಹಣ ಕೊಡೋಣವೇ ಎಂದು ಮತಕ್ಕೆ ಹಾಕಿದಾಗ ಜನ 'ಬೇಡ' ಎಂದರು. ಅದಕ್ಕೆ ಹಿನ್ನೆಲೆಯಿತ್ತು. ಹಿಂದಿನ ವರ್ಷವಷ್ಟೇ ರ‍್ಯಾಮ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡ ಆ ಊರನ್ನು ಬಿಟ್ಟು ಲಾಸ್ ಏಂಜಲೀಸಿಗೆ ಹೊರಟುಹೋಗಿತ್ತು. ಅದಕ್ಕೆಂದು ಕಟ್ಟಿಸಿದ ಕ್ರೀಡಾಂಗಣದ ಸಾಲ ಮಾತ್ರ ಊರವರ ತಲೆಯ ಮೇಲೇ ಉಳಿದಿತ್ತು. ಒಮ್ಮೆ ಕೈಸುಟ್ಟುಕೊಂಡವರು ಮತ್ತೆ ಒಲೆಗೆ ಕೈಯೊಡ್ಡಲಿಲ್ಲ. ಮರುವರ್ಷ ಎಂಟರ್‌ಪ್ರೈಸ್ ಕಾರು ಬಾಡಿಗೆ ಕಂಪನಿಯ ಟೇಲರ್ ಕುಟುಂಬ, ಅದರಲ್ಲೂ ಆ ಮನೆಯ ಹೆಣ್ಣುಮಕ್ಕಳು, ಬಹುಪಾಲು ಸ್ವಂತ ಹಣದಿಂದಲೇ ಕಟ್ಟುತ್ತೇವೆಂದು ಮುಂದೆ ಬಂದರು. 2019ರ ಆಗಸ್ಟ್ 20ರಂದು ಅನುಮತಿ ದೊರೆಯಿತು. 2023ರಲ್ಲಿ ಕಣಕ್ಕಿಳಿದ ತಂಡ ಮೊದಲ ಐದು ಪಂದ್ಯಗಳನ್ನೂ ಗೆದ್ದಿತು.

ಎರಡನೆಯದು ಸ್ಯಾನ್ ಡಿಯಾಗೊ. 2018ರ ನವೆಂಬರಿನಲ್ಲಿ ಅಲ್ಲಿಯ ಮತದಾರರು, ಮಿಷನ್ ವ್ಯಾಲಿಯ ಹಳೆಯ ಕ್ರೀಡಾಂಗಣದ ಜಾಗವನ್ನು ಫುಟ್‌ಬಾಲ್ ಹೂಡಿಕೆದಾರರ ಯೋಜನೆಗೆ ಕೊಡಲು ಒಪ್ಪದೆ ವಿಶ್ವವಿದ್ಯಾಲಯದ ಯೋಜನೆಯನ್ನು ಆರಿಸಿದರು. ಅಲ್ಲಿಗೆ ಲೀಗಿನ ಕನಸು ಮುಗಿಯಿತೆಂದೇ ಎಲ್ಲರೂ ತಿಳಿದಿದ್ದರು. ವಿಶ್ವವಿದ್ಯಾಲಯ ಅದೇ ಜಾಗದಲ್ಲಿ ಕ್ರೀಡಾಂಗಣ ಕಟ್ಟಿ 2022ರಲ್ಲಿ ತೆರೆಯಿತು. ಮರುವರ್ಷ ಉದ್ಯಮಿ ಮೊಹಮದ್ ಮನ್ಸೂರ್ ಮತ್ತು ಸಿಕ್ವಾನ್ ಎಂಬ ಮೂಲನಿವಾಸಿ ಸಮುದಾಯ ಜೊತೆಗೂಡಿ ತಂಡ ಪಡೆದಾಗ ಆಡಲು ಅಂಗಳ ಸಿದ್ಧವಾಗಿಯೇ ಇತ್ತು.

ಮೂರನೆಯದು ನನ್ನ ಮೊಮ್ಮಗನ ಊರು. ಸ್ಯಾಕ್ರಮೆಂಟೊ ರಿಪಬ್ಲಿಕ್ ತಂಡ 2014ರಲ್ಲಿ ಕೆಳಗಿನ ಲೀಗಿನಲ್ಲಿ ಆರಂಭವಾಯಿತು. ತವರಿನ ಮೊದಲ ಪಂದ್ಯಕ್ಕೇ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ಜನ ನೆರೆದರು; ಅದೇ ವರ್ಷ ತಂಡ ಆ ಲೀಗಿನ ಪ್ರಶಸ್ತಿಯನ್ನೂ ಗೆದ್ದಿತು. ಹಳೆಯ ರೈಲ್ವೆ ಕಾರ್ಯಾಗಾರದ ಬಯಲಿನಲ್ಲಿ ಹೊಸ ಕ್ರೀಡಾಂಗಣಕ್ಕೆ ಜಾಗ ಗುರುತಾಯಿತು. ಊರು ಮಾಡಬಹುದಾದದ್ದನ್ನೆಲ್ಲ ಮಾಡಿತು. ಕೊರತೆಯಾದದ್ದು ಕೋಟಿಗಟ್ಟಲೆ ಡಾಲರ್ ಹಾಕಿ ಕಡೆಯವರೆಗೂ ನಿಲ್ಲುವ ಒಬ್ಬ ಧನಿಕನದು. 2022ರಲ್ಲಿ ಇದೇ ತಂಡ ರಾಷ್ಟ್ರೀಯ ಮುಕ್ತ ಕಪ್ ಪಂದ್ಯಾವಳಿಯಲ್ಲಿ ಮೂರು ಎಂ.ಎಲ್.ಎಸ್. ತಂಡಗಳನ್ನು ಸೋಲಿಸಿ ಅಂತಿಮ ಪಂದ್ಯ ತಲುಪಿತು. ಒರ್ಲ್ಯಾಂಡೊ ಎದುರು 3–0ಯಿಂದ ಸೋತಿತೆನ್ನಿ. ಆದರೆ ಬಾಗಿಲ ಒಳಗಿದ್ದವರಿಗಿಂತ ಹೊರಗಿದ್ದವರು ಕಡಿಮೆಯೇನಲ್ಲ ಎಂದು ಅಂಗಳದಲ್ಲೇ ತೋರಿಸಿತು.

ನಮ್ಮ ನಾಡಿಗೂ ಈ ಬಗೆಯ ಪೈಪೋಟಿ ಹೊಸತಲ್ಲ. 2013ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಐ-ಲೀಗಿಗೆ ನೇರ ಪ್ರವೇಶಕ್ಕಾಗಿ ಹೂಡಿಕೆದಾರರಿಂದ ಅರ್ಜಿ ಕರೆದಾಗ ಜೆ.ಎಸ್.ಡಬ್ಲ್ಯು. ಸಂಸ್ಥೆಗೆ ಅವಕಾಶ ದೊರೆತು ಬೆಂಗಳೂರು ಎಫ್.ಸಿ. ಹುಟ್ಟಿತು; ಮೊದಲ ಋತುವಿನಲ್ಲೇ ಪ್ರಶಸ್ತಿ ಗೆದ್ದಿತು. 2017ರಲ್ಲಿ ಇಂಡಿಯನ್ ಸೂಪರ್ ಲೀಗ್ ಹತ್ತು ಊರುಗಳ ಹೆಸರು ಸೂಚಿಸಿ ಅರ್ಜಿ ಕರೆದಾಗ ಒಳಹೊಕ್ಕವು ಎರಡೇ: ಬೆಂಗಳೂರು ಮತ್ತು ಜಮ್‌ಶೆಡ್‌ಪುರ. ಅಂದು ನಾವು ಸಂಭ್ರಮಿಸಿದೆವು. ಹೊರಗುಳಿದ ಊರುಗಳ ಮಕ್ಕಳನ್ನು ನಾನಂತೂ ನೆನೆಯಲಿಲ್ಲ. ಬರಿಯ ಆಟದ ಬಲದಿಂದ, ಅಂದರೆ 2022–23ರ ಐ-ಲೀಗ್ ಗೆದ್ದು, ಆ ಲೀಗಿಗೆ ಬಡ್ತಿ ಪಡೆದ ಮೊದಲ ತಂಡ ಪಂಜಾಬಿನದು.

ಅಮೆರಿಕದ ಪದ್ಧತಿಯನ್ನು ಸಂಪೂರ್ಣವಾಗಿ ಹಳಿಯಲು ನನಗೆ ಮನಸ್ಸಿಲ್ಲ. ಹಳೆಯ ಲೀಗು ಕುಸಿದುಬಿದ್ದ ನೆಲದಲ್ಲಿ ಇದು ಮೂವತ್ತು ತಂಡಗಳನ್ನು ನಿಲ್ಲಿಸಿದೆ, ಎಚ್ಚರಿಕೆಗೂ ಬೆಲೆಯಿದೆ. ಆದರೆ ನಿಮಗೆಲ್ಲ ತರಗತಿಯಲ್ಲಿ ನಾನು ಹೇಳುತ್ತಿದ್ದ ಮಾತೊಂದು ನೆನಪಾಗಿ ಮನಸ್ಸು ಚುಚ್ಚುತ್ತದೆ. "ಶ್ರಮಪಟ್ಟರೆ ಫಲ ಸಿಕ್ಕೇ ಸಿಗುತ್ತದೆ, ಸಿಗದಿದ್ದರೆ ನಿಮ್ಮಲ್ಲೇ ಏನೋ ಕೊರತೆಯಿದೆ" ಎನ್ನುತ್ತಿದ್ದೆನಲ್ಲವೇ? ಅದರ ಎರಡನೆಯ ಭಾಗ ತಪ್ಪು. ಅರ್ಹತೆ ನಮ್ಮ ಕೈಯಲ್ಲಿರುತ್ತದೆ. ಬಾಗಿಲ ಚಿಲಕ ಎಷ್ಟೋ ಸಲ ಬೇರೆಯವರ ಕೈಯಲ್ಲಿರುತ್ತದೆ. ಆ ಮಾತನ್ನು ಕೇಳಿ ತಮ್ಮನ್ನೇ ಹಳಿದುಕೊಂಡ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದರೆ, ಈ ಮೇಷ್ಟರನ್ನು ಕ್ಷಮಿಸಬೇಕು.

ಮೊಮ್ಮಗನಿಗೆ ಕೊನೆಗೆ ಉತ್ತರ ಬರೆದೆ: "ಮಗೂ, ನಿಮ್ಮೂರು ಯಾವ ತಪ್ಪನ್ನೂ ಮಾಡಿರಲಿಲ್ಲ." ಅವನೀಗ ಮೀಸೆ ಚಿಗುರುತ್ತಿರುವ ಹುಡುಗ. 2024ರಲ್ಲಿ ವಿಲ್ಟನ್ ರಾಂಚೆರಿಯಾ ಎಂಬ ಮೂಲನಿವಾಸಿ ಸಮುದಾಯ ರಿಪಬ್ಲಿಕ್ ತಂಡದ ಬಹುಪಾಲು ಒಡೆತನ ಪಡೆದು, ಅದೇ ರೈಲ್ವೆ ಬಯಲಿನಲ್ಲಿ ಸ್ವಲ್ಪ ಚಿಕ್ಕದಾದ ಕ್ರೀಡಾಂಗಣದ ಯೋಜನೆ ಮುಂದಿಟ್ಟಿತು. ಆ ಸುದ್ದಿ ತಿಳಿಸುವಾಗ ಹುಡುಗ ಎಂ.ಎಲ್.ಎಸ್. ಹೆಸರನ್ನೇ ಎತ್ತಲಿಲ್ಲ. "ತಾತ, ಮುಂದಿನ ಸಲ ಬಂದಾಗ ಪಂದ್ಯಕ್ಕೆ ಕರೆದುಕೊಂಡು ಹೋಗುತ್ತೇನೆ, ಕೆಂಪು ಅಂಗಿ ಹಾಕಿಕೊಂಡು ಬನ್ನಿ" ಎಂದಷ್ಟೇ ಹೇಳಿದ. ಅಂಗಿ ಹೊಲಿಸಿ ಇಟ್ಟಿದ್ದೇನೆ.