ಡೊಳ್ಳನ್ನು ಕೇಳಿದವರು, ಅಳೆದವರು

ನಗರದ ಧ್ಯಾನ ಶಿಬಿರಗಳಲ್ಲಿ ಈಗ ‘ಶಮನ್ ಡ್ರಮ್ಮಿಂಗ್’ ಚಾಲ್ತಿಯಲ್ಲಿದೆ. ಕಣ್ಣು ಮುಚ್ಚಿ ಮಲಗಿದವರ ಪಕ್ಕ ಒಬ್ಬರು ಒಂದೇ ಸಮನೆ ಬಡಿಯುತ್ತಾರೆ, ಮನಸ್ಸು ಹಗುರಾಗುತ್ತದೆ. ಆಗಲಿ, ತಕರಾರಿಲ್ಲ. ‘ನಮ್ಮ ಡೊಳ್ಳೂ ಇದೇ ಅಲ್ಲವೇ’ ಎನ್ನುವಾಗ ಮಾತ್ರ ಸುಮ್ಮನಿರಲಾಗದು.

ಈ ಚರ್ಚೆಗೆ ಬುನಾದಿ ಡೋಲು ಬಡಿದು ಆತ್ಮಲೋಕದೊಡನೆ ವ್ಯವಹರಿಸುವ ಸೈಬೀರಿಯದ ಶಮನ್‌ರು. 1951ರಲ್ಲಿ ಶಮನ್ ಪರಂಪರೆಯ ಮೇಲೆ ಧರ್ಮೇತಿಹಾಸಕಾರ ಮಿರ್ಚಾ ಎಲಿಯಾಡೆಯ ಗ್ರಂಥ ಬಂತು. ಬಡಿತದ ಲಯವನ್ನು ಮಿದುಳಿನ ಅಲೆಗಳು ಹಿಂಬಾಲಿಸುತ್ತವೆ ಎಂದು 1961-62ರಲ್ಲಿ ಆಂಡ್ರ್ಯೂ ನೆಹರ್ ವಾದಿಸಿದ. 1980ರಲ್ಲಿ ಮಾನವಶಾಸ್ತ್ರಜ್ಞ ಮೈಕೆಲ್ ಹಾರ್ನರ್ ಶಮನ್ ಬಡಿತವನ್ನು ಯಾರು ಬೇಕಾದರೂ ಮನೆಯಲ್ಲೇ ಮಾಡುವ ಪದ್ಧತಿಯಾಗಿಸಿದ: ನಿಮಿಷಕ್ಕೆ ಇನ್ನೂರು ಚಿಲ್ಲರೆ ಪೆಟ್ಟು. ಅದೇ ವರ್ಷ ಫ್ರಾನ್ಸಿನ ಸಂಗೀತಶಾಸ್ತ್ರಜ್ಞ ಜಿಲ್ಬೇರ್ ರೂಜೆ, ಬರೀ ಸದ್ದಿಗೆ ಮೈದುಂಬಿಸುವ ಗುಣವಿಲ್ಲ, ನಂಬಿಕೆ ಮತ್ತು ಸಂದರ್ಭ ಕೂಡಿದರಷ್ಟೇ ಅದು ಸಾಧ್ಯ ಎಂದು ತೋರಿಸಿದ. ಹಾರ್ನರನ ಹಾದಿ ಸಲೀಸಾಗಿತ್ತು. ಜನ ಅತ್ತ ನಡೆದರು.

ಡೊಳ್ಳು ಬಡಿಯುವ ಕುರಿಗಾಹಿಗಳ ಬಗ್ಗೆ ನಮ್ಮ ಕಡೆಯ ಕೆಲಸ ಬೇರೆ ದಿಕ್ಕಿನಿಂದ ಬಂತು. ಸಂಶೋಧಕ ಶಂಬಾ ಜೋಶಿ ಕುರುಬರ ಹಾಲುಮತದಲ್ಲಿ ಕನ್ನಡ-ಮರಾಠಿ ನಾಡುಗಳ ಸಮಾನ ಬೇರು ಹುಡುಕಿದರು. ಜರ್ಮನ್ ವಿದ್ವಾಂಸ ಗುಂಥರ್ ಸೊಂಟ್‌ಹೈಮರ್ ಮಹಾರಾಷ್ಟ್ರದ ಕುರಿಗಾಹಿ ಧನಗರರ ಬೆನ್ನುಹತ್ತಿ ತಿರುಗಿ, ಅವರ ದೇವರಾದ ಬಿರೋಬಾ, ಮ್ಹಸ್ಕೋಬಾ, ಖಂಡೋಬಾರ ಮೇಲೆ 1976ರಲ್ಲಿ ಜರ್ಮನ್ ಗ್ರಂಥ ಪ್ರಕಟಿಸಿದ. ಇಂಗ್ಲಿಷಿಗೆ ಬಂದದ್ದು 1989ರಲ್ಲಿ. ನಡುವೆ 1984ರಲ್ಲಿ ಮರಾಠಿ ಸಂಶೋಧಕ ರಾ. ಚಿಂ. ಢೇರೆ ವಿಠ್ಠಲನ ಮೂಲವನ್ನೇ ಕುರಿಗಾಹಿಗಳಲ್ಲಿ ಕಂಡರು. ನನ್ನ ಓರಗೆಯವರು ಕಲಿತದ್ದು ಇವರಿಂದ. ಮೊದಲು ಹಾಡು ಕೇಳು, ಆಮೇಲೆ ತಾಳ ಎಣಿಸು ಎಂಬುದು ನಮ್ಮ ಪಾಠ. ಅದು ಈಗಲೂ ಹಳತಾಗಿಲ್ಲ.

ಮಹಾರಾಷ್ಟ್ರದ ಮಿರಜ ತಾಲೂಕಿನ ಲಿಂಗನೂರಿನ ಕಡೆಯವರಿಗೆ ಕವಠೆ ಮಹಾಂಕಾಳದ ಆರೇವಾಡಿ ಬಿರೋಬಾ ದೂರದವನಲ್ಲ. ಕನ್ನಡದಲ್ಲಿ ಅವನು ಬೀರಪ್ಪ. ಡೊಳ್ಳಿನ ಪದ ಶುರುವಾಗುವ ಮುಂಚೆ ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ, ಭಂಡಾರ ಹಚ್ಚುತ್ತಾರೆ. ಹಾಡುವವ ಕಿವಿಗೆ ಕೈಯಿಟ್ಟು ಸೊಲ್ಲು ಎಳೆಯುವಾಗ ಡೊಳ್ಳು ಬರೀ ಗುನುಗುತ್ತದೆ. ಸೊಲ್ಲು ಮುಗಿದದ್ದೇ ತಡ, ಕೋಲು ಒಂದು ಕಡೆ, ಅಂಗೈ ಮತ್ತೊಂದು ಕಡೆ ಬಿದ್ದು ಎದೆ ನಡುಗುತ್ತದೆ. ಹರದೇಶಿ-ನಾಗೇಶಿ ಎಂಬ ಎರಡು ಪಕ್ಷಗಳ ಸವಾಲು-ಜವಾಬು ಬಿದ್ದರೆ ಲಯ ಹತ್ತು ಸಲ ಬದಲಾಗುತ್ತದೆ. ಒಂದೇ ಸಮನೆ ಬಡಿಯುವುದು ಇಲ್ಲಿ ಬಾರದವರ ಲಕ್ಷಣ. ದೇವರು ಮೈಮೇಲೆ ಬಂದವನೂ ಆರಾಮಕ್ಕೆ ಕುಣಿಯುವುದಿಲ್ಲ. ಪಟ್ಟಣಕೊಡೋಲಿಯ ಬೀರದೇವರ ಜಾತ್ರೆಯಲ್ಲಿ ಜನ ಕಾಯುವುದು ಅವನ ಹೇಳಿಕೆಗೆ, ಮಳೆಬೆಳೆಯ ಸುದ್ದಿಗೆ.

2016ರಲ್ಲಿ ಮೈಕೆಲ್ ಹೋವ್ ಮತ್ತು ಸಂಗಡಿಗರು ಶಮನ್ ಸಾಧನೆಯಲ್ಲಿ ಪಳಗಿದವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಏಕಪ್ರಕಾರದ ಬಡಿತದಲ್ಲಿ ಒಳಗಿನ ಗಮನ ಬಲವಾಗಿ, ಹೊರಗಿನ ಸದ್ದಿನ ಗ್ರಹಿಕೆ ಹಿಂದೆ ಸರಿಯುವ ಸೂಚನೆ ಸಿಕ್ಕಿತು. ಒಳ್ಳೆಯ ಕೆಲಸ. ಆದರೆ ಕೇಳಿಸಿದ್ದು ಮುದ್ರಿತ ಬಡಿತ. ಹಾಡಿಲ್ಲ, ಕುಣಿತವಿಲ್ಲ, ಸುತ್ತ ಜನರಿಲ್ಲ.

ಮಿರಜದ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಜಿಐ ಟ್ಯಾಗ್ ಸಿಕ್ಕಿತು, ಸಂತೋಷ. ಅದೇ ತಾಲೂಕಿನಲ್ಲಿ ಡೊಳ್ಳಿನ ಮೇಲೆ ಕನ್ನಡದಲ್ಲಿ ಹಾಡುವವರು ಕರ್ನಾಟಕದ ಸಂಕಲನಕಾರರಿಗೆ ಹೊರನಾಡಿನವರು, ಮಹಾರಾಷ್ಟ್ರದವರಿಗೆ ಪರಭಾಷೆಯವರು. ಇಡೀ ರಾತ್ರಿಯ ಒಂದು ಮೇಳವನ್ನು ಪದ, ಬಡಿತ, ಕುಣಿತ ಬಿಡಿಸದೆ ದಾಖಲಿಸಲು ಎರಡು ಮೈಕು, ಒಂದು ಕ್ಯಾಮೆರಾ, ಎರಡೂ ಭಾಷೆ ಬಲ್ಲ ಒಬ್ಬರು ಸಾಕು. ಜಾತ್ರೆ ಹೇಗೂ ವರ್ಷವೂ ನಡೆಯುತ್ತದೆ.