ಹಂಡೆ ಒಲೆ, ಗೀಸರ್ ಮತ್ತು ಎರಡನೆಯ ನಿಯಮ

ಮನೆಯನ್ನು ಬೆಚ್ಚಗಿಡುವ ಸಾಧನಗಳ ಇತಿಹಾಸವನ್ನು ಪಾಶ್ಚಾತ್ಯ ಪುಸ್ತಕಗಳು ಅಗ್ಗಿಷ್ಟಿಕೆಯಿಂದ ಆರಂಭಿಸುತ್ತವೆ. ಶಿವಮೊಗ್ಗೆಯಲ್ಲಿ ಅದನ್ನು ಬಚ್ಚಲುಮನೆಯಿಂದಲೇ ಆರಂಭಿಸಬೇಕು. ಬೇಸಿಗೆಯ ತಂಪಿಗೆ ಹೆಂಚಿನ ಮಾಡು, ಅದರ ಕೆಳಗಿನ ಅಟ್ಟ, ದಪ್ಪ ಮಣ್ಣಿನ ಗೋಡೆ ಇದ್ದವು. ಕೋಣೆಯನ್ನು ಕಾಯಿಸುವಷ್ಟು ಚಳಿ ಇರಲಿಲ್ಲ. ಕಾಯಿಸಬೇಕಾದದ್ದು ಸ್ನಾನದ ನೀರನ್ನು. ಅದಕ್ಕಾಗಿ ಒಲೆಯ ಮೇಲೆ ಮಣ್ಣಿನಲ್ಲಿ ಕೂರಿಸಿದ ತಾಮ್ರದ ಹಂಡೆ; ಒಲೆಗೆ ಕಟ್ಟಿಗೆ, ಅಡಕೆ ಸಿಪ್ಪೆ, ತೆಂಗಿನ ಗರಿ. ಮಳೆಗಾಲದ ಬೆಳಗಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು, ಹಸಿ ಕಟ್ಟಿಗೆಯನ್ನು ಊದಿ ಊದಿ ಕಣ್ಣು ಕೆಂಪಾಗಿಸಿಕೊಳ್ಳುತ್ತಿದ್ದವರು ಮನೆಯ ಹೆಂಗಸರು.

ಈ ವ್ಯವಸ್ಥೆಯ ಲೆಕ್ಕ ನೋಡೋಣ. 100 ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಸುಮಾರು 10,450 ಕಿಲೋಜೂಲ್ ಶಾಖ ಬೇಕು. ಚೆನ್ನಾಗಿ ಒಣಗಿದ 1 ಕಿ.ಗ್ರಾಂ. ಕಟ್ಟಿಗೆ ಉರಿದಾಗ ಸುಮಾರು 16,000 ಕಿಲೋಜೂಲ್ ಶಾಖ ಬಿಡುಗಡೆಯಾಗುತ್ತದೆ. ಅಂದರೆ 650 ಗ್ರಾಂ ಕಟ್ಟಿಗೆ ಸಾಕು! ಆದರೆ ತೆರೆದ ಒಲೆಯ ದಕ್ಷತೆಯನ್ನು ಶೇ. 10 ಎಂದು ಹಿಡಿದರೆ ಆರೂವರೆ ಕಿ.ಗ್ರಾಂ. ಬೇಕಾಗುತ್ತದೆ. ಉಳಿದ ಶಾಖ ಹೊಗೆಯ ಜೊತೆ ಹೋಗುತ್ತದೆ, ಗೋಡೆಗೆ ಇಳಿಯುತ್ತದೆ, ಕಟ್ಟಿಗೆಯ ತೇವವನ್ನು ಆವಿಯಾಗಿಸುತ್ತದೆ.

ಇದೇ ಮಲೆನಾಡಿನ ಮರ ಹದಿನೆಂಟು ಕಿಲೋಮೀಟರ್ ದೂರದ ಭದ್ರಾವತಿಯಲ್ಲಿ ಬೇರೆ ರೀತಿಯಲ್ಲಿ ಬಳಕೆಯಾಗುತ್ತಿತ್ತು. ಆ ಊರಿನ ಹಳೆಯ ಹೆಸರು ಬೆಂಕಿಪುರ. ಕಾರ್ಖಾನೆ ಬರುವುದಕ್ಕೆ ಎಷ್ಟೋ ಮೊದಲೇ ಇದ್ದ ಹೆಸರು. ಆದರೂ ಎಷ್ಟು ಚೆನ್ನಾಗಿ ಒಪ್ಪುತ್ತದೆ! 1923ರಲ್ಲಿ ಅಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾದಾಗ ಕುಲುಮೆಗೆ ಹಾಕಿದ್ದು ಕಲ್ಲಿದ್ದಲನ್ನಲ್ಲ, ಮರದ ಇದ್ದಿಲನ್ನು. ಕಾರ್ಖಾನೆಯ ಮೊದಲ ಹೆಸರಿನಲ್ಲಿಯೇ ‘ವುಡ್ ಡಿಸ್ಟಿಲೇಷನ್’ ಎಂಬ ಮಾತು ಇತ್ತು. ಮರವನ್ನು ಗಾಳಿಯಾಡದ ಪಾತ್ರೆಗಳಲ್ಲಿ ಕಾಯಿಸಿದರೆ ಇದ್ದಿಲು ಉಳಿಯುತ್ತದೆ. ಹೊರಬರುವ ಆವಿಯನ್ನು ತಣಿಸಿದರೆ ಮೀಥೈಲ್ ಆಲ್ಕೊಹಾಲ್, ಅಸಿಟೇಟ್, ಟಾರು ಸಿಗುತ್ತವೆ. ಮನೆಯ ಒಲೆ ಹೆಂಚಿನ ಸಂದಿಯಿಂದ ಹೊರಗೆ ಬಿಡುತ್ತಿದ್ದ ಹೊಗೆಯನ್ನು ವಿಶ್ವೇಶ್ವರಯ್ಯನವರ ಕಾರ್ಖಾನೆ ಹಿಡಿದು ಮಾರುತ್ತಿತ್ತು. ಹೀಗಿದ್ದರೂ ಕಾಡಿನ ಮೇಲಿನ ಹೊರೆ ಸಣ್ಣದಾಗಿರಲಿಲ್ಲ. ಜೋಗದ ಜಲವಿದ್ಯುತ್ತು ಬಂದ ಬಳಿಕ, 1950ರ ದಶಕದಲ್ಲಿ, ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳು ಕೆಲಸ ಆರಂಭಿಸಿದವು.

ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ಕುಲುಮೆಗೆ 1,500 ಡಿಗ್ರಿಯನ್ನು ಮೀರಿದ ಉಷ್ಣತೆ ಬೇಕೇ ಬೇಕು. ಅದಿರಿನಿಂದ ಆಕ್ಸಿಜನ್ನನ್ನು ಕಸಿಯಲು ಕಾರ್ಬನ್ನೂ ಬೇಕು. ಸ್ನಾನಕ್ಕೆ ಬೇಕಾದದ್ದು 45 ಡಿಗ್ರಿ ಮಾತ್ರ. ಎರಡಕ್ಕೂ ಒಂದೇ ಮರ, ಒಂದೇ ಉರಿ.

ಒಲೆಯನ್ನು ಪ್ರಯೋಗಾಲಯಕ್ಕೆ ತಂದ ಕೀರ್ತಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರಕ್ಕೆ ಸೇರಬೇಕು. ಅದನ್ನು ಕಟ್ಟಿದ ಅಮೂಲ್ಯ ಕೆ.ಎನ್. ರೆಡ್ಡಿ ಮೂಲತಃ ವಿದ್ಯುದ್ರಸಾಯನ ವಿಜ್ಞಾನಿ. ಅವರೂ ಸಂಗಡಿಗರೂ ಹಳ್ಳಿಗಳಲ್ಲಿ ಶಕ್ತಿಯ ಬಳಕೆಯನ್ನು ಅಳೆದಾಗ ಅದರ ಬಹುಪಾಲು ಸೌದೆಯೇ ಎಂಬುದು ಕಂಡುಬಂತು. ಕೆ.ಎಸ್. ಜಗದೀಶ್ ಮತ್ತಿತರರು ರೂಪಿಸಿದ ‘ಅಸ್ತ್ರ ಒಲೆ’ಯಲ್ಲಿ ವಿಶೇಷ ಯಂತ್ರವೇನೂ ಇಲ್ಲ. ಉರಿಯುವ ಗೂಡನ್ನು ಮುಚ್ಚಿದರು, ಕೆಳಗೆ ಜಾಲರಿ ಇಟ್ಟರು, ಒಳಬರುವ ಗಾಳಿಯನ್ನು ಮಿತಿಗೊಳಿಸಿದರು, ಬಿಸಿ ಅನಿಲ ಒಂದರ ನಂತರ ಒಂದರಂತೆ ಮೂರು ಪಾತ್ರೆಗಳ ತಳವನ್ನು ಸವರಿಕೊಂಡು ಹೊಗೆಕೊಳವೆ ಸೇರುವಂತೆ ಮಾಡಿದರು. ಪ್ರಯೋಗಾಲಯದ ದಕ್ಷತೆ ಶೇ. 40ರ ಆಸುಪಾಸಿಗೆ ಏರಿತು. ಹೊಗೆ ಮನೆಯಿಂದ ಹೊರಗೆ ಹೋಯಿತು. ಅದೇ ತತ್ತ್ವದಲ್ಲಿ ಸ್ನಾನದ ನೀರಿನ ಒಲೆಯೂ ಬಂತು. 1980ರ ದಶಕದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರವಿದ್ಯಾ ಮಂಡಳಿ ಇದನ್ನು ಜಿಲ್ಲೆ ಜಿಲ್ಲೆಗಳಿಗೆ ಒಯ್ದಿತು. ಅಳತೆ ತಪ್ಪಿಸಿ ಕಟ್ಟಿದ ಕಡೆ, ಹೊಗೆಕೊಳವೆಯ ಮಸಿ ತೆಗೆಯದ ಕಡೆ ಅದು ಹಳೆಯ ಒಲೆಗಿಂತ ಮೇಲಾಗಲಿಲ್ಲ ಎನ್ನುವುದೂ ನಿಜ.

ಪೇಟೆಯ ಮನೆಗಳು ಇಷ್ಟು ಕಾಯಲಿಲ್ಲ. ಹಂಡೆ ಕಿತ್ತು ಗೀಸರ್ ಹಾಕಿಸಿದವು. ಹೊಗೆ ಇಲ್ಲ, ಮಸಿ ಇಲ್ಲ, ಗುಂಡಿ ಒತ್ತಿದರೆ ಸಾಕು. ಗೀಸರಿನ ದಕ್ಷತೆ ಎಷ್ಟು ಎಂದು ಬಿ.ಎಸ್‌ಸಿ. ತರಗತಿಯಲ್ಲಿ ಕೇಳಿದಾಗಲೆಲ್ಲ ನನಗೆ ಬರುವ ಉತ್ತರ ‘ಶೇ. 95’. ಉಷ್ಣಗತಿ ವಿಜ್ಞಾನದ ಮೊದಲನೆಯ ನಿಯಮದ ಪ್ರಕಾರ ಉತ್ತರ ಸರಿ. ನಮ್ಮ 100 ಲೀಟರಿಗೆ ಸುಮಾರು 2.9 ಯೂನಿಟ್ ಸಾಕು. ಆದರೆ ಆ ವಿದ್ಯುತ್ತು ಎಲ್ಲಿಂದ ಬಂತು? ಶರಾವತಿಯ ನೀರಿನಿಂದಾದರೆ ಒಂದು ಮಾತು. ರಾಯಚೂರಿನಲ್ಲಿ 1985ರಲ್ಲಿ ಆರಂಭವಾದಂಥ ಉಷ್ಣ ಸ್ಥಾವರದಿಂದಾದರೆ, ಅಲ್ಲಿ ಉರಿದ ಕಲ್ಲಿದ್ದಲಿನ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ. 10,450 ಕಿಲೋಜೂಲಿಗೆ ಅಲ್ಲಿ 31,000ಕ್ಕೂ ಹೆಚ್ಚು ಉರಿಸಬೇಕು. ಶೇ. 40 ದಕ್ಷತೆಯ ಸೌದೆ ಒಲೆಗೆ 26,000 ಸಾಕು! ತಂತಿಗಳಲ್ಲಿ ಆಗುವ ನಷ್ಟವನ್ನು ನಾನಿಲ್ಲಿ ಸೇರಿಸಿಲ್ಲ.

ಎರಡನೆಯ ನಿಯಮ ಇನ್ನೂ ಕಠಿಣ. 20 ಡಿಗ್ರಿಯ ಪರಿಸರದಲ್ಲಿ 100 ಲೀಟರ್ ನೀರನ್ನು 45 ಡಿಗ್ರಿಗೆ ಏರಿಸಲು ತತ್ತ್ವತಃ ಬೇಕಾದ ಕನಿಷ್ಠ ಕೆಲಸ ಎಷ್ಟು? ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು: ಉಷ್ಣತೆಯ ಏರಿಕೆಯಿಂದ, ಪರಿಸರದ ನಿರಪೇಕ್ಷ ಉಷ್ಣತೆಯನ್ನು ಎರಡು ನಿರಪೇಕ್ಷ ಉಷ್ಣತೆಗಳ ಅನುಪಾತದ ಸ್ವಾಭಾವಿಕ ಲಾಗರಿದಮ್‌ನಿಂದ ಗುಣಿಸಿ ಕಳೆಯಬೇಕು. 25ರಲ್ಲಿ 24 ಕಳೆದು ಉಳಿಯುವುದು ಸುಮಾರು 1. ಅದನ್ನು ನೀರಿನ ರಾಶಿ ಮತ್ತು ವಿಶಿಷ್ಟೋಷ್ಣದಿಂದ ಗುಣಿಸಿದರೆ 420 ಕಿಲೋಜೂಲ್, ಅಂದರೆ 0.12 ಯೂನಿಟ್. ನಾವು ಬಳಸಿದ್ದು 2.9. ಶೇ. 95 ಎಂದು ಹೊಗಳಿಸಿಕೊಂಡ ಗೀಸರ್ ಈ ಅಳತೆಯಲ್ಲಿ ಶೇ. 4ಕ್ಕೆ ಇಳಿಯುತ್ತದೆ. ವಿದ್ಯುತ್ತಿನಂಥ ಉನ್ನತ ದರ್ಜೆಯ ಶಕ್ತಿಯನ್ನು ಉಗುರುಬೆಚ್ಚಗಿನ ನೀರಿಗೆ ಸುರಿಯುವುದೆಂದರೆ ಹೀಗೆ. ಕರ್ನಾಟಕದ ವಿದ್ಯುತ್ ಯೋಜನೆಗೆ ರೆಡ್ಡಿ ಮತ್ತು ಸಹೋದ್ಯೋಗಿಗಳು 1991ರಲ್ಲಿ ಮುಂದಿಟ್ಟ ಪರ್ಯಾಯ ಲೆಕ್ಕದಲ್ಲಿ ವಿದ್ಯುತ್ ಹೀಟರುಗಳ ಬದಲಿಗೆ ಸೌರ ಹೀಟರುಗಳನ್ನು ತರುವ ಪ್ರಸ್ತಾಪ ಇದ್ದದ್ದು ಇದೇ ಕಾರಣಕ್ಕೆ.

ದಾರಿಯನ್ನು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವರು, 1852ರಲ್ಲೇ ತೋರಿಸಿದ್ದರು. ಶಾಖವನ್ನು ಹುಟ್ಟಿಸಬೇಡಿ, ಹೊರಗಿನ ಗಾಳಿಯಿಂದ ಎತ್ತಿ ತನ್ನಿ. ಅದೇ ತತ್ತ್ವದಿಂದ ಕಟ್ಟಡವನ್ನು ತಂಪೂ ಮಾಡಬಹುದು ಎಂಬುದು ಅವರ ಪ್ರಬಂಧದ ಸಾರ. ಫ್ರಿಜ್ಜಿನ ಹಿಂಭಾಗವನ್ನು ಮುಟ್ಟಿದವರಿಗೆ ಈ ಉಷ್ಣ ಪಂಪಿನ ಪರಿಚಯ ಇದ್ದೇ ಇದೆ. ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್ ಶಾಖ ಕೊಡುವ ಇಂಥ ನೀರು ಕಾಯಿಸುವ ಪಂಪುಗಳು ಈಗ ನಮ್ಮಲ್ಲೂ ಸಿಗುತ್ತವೆ. ಬೆಲೆ ಹೆಚ್ಚು, ಹಾಸ್ಟೆಲು, ಆಸ್ಪತ್ರೆಗಳಿಗೆ ಸರಿ, ನಾಲ್ಕು ಜನರ ಮನೆಗೆ ದುಬಾರಿ ಎಂದು ನನ್ನ ಅಭಿಪ್ರಾಯ.

ಸೌರ ಹೀಟರನ್ನು ಹೊಸ ಮನೆಗಳಿಗೆ ಕಡ್ಡಾಯಗೊಳಿಸುವ ಆದೇಶವನ್ನು ರಾಜ್ಯ ಸರ್ಕಾರ 2007ರಲ್ಲಿ ಹೊರಡಿಸಿತು. ಸುಮಾರು 2 ಚದರ ಮೀಟರ್ ಫಲಕ 100 ಲೀಟರಿಗೆ ಸಾಕು. ಬಿಸಿಯಾದ ನೀರು ಹಗುರಾಗಿ ಮೇಲಿನ ತೊಟ್ಟಿಗೆ ತಾನಾಗಿ ಏರುವುದರಿಂದ ಪಂಪೂ ಬೇಡ. ಶಿವಮೊಗ್ಗೆಯಲ್ಲಿ ಎಂಟು ತಿಂಗಳು ಇದರ ಬಗ್ಗೆ ದೂರಿಲ್ಲ. ಜೂನ್‌ನಲ್ಲಿ ಮೋಡ ಕವಿದಾಗ ತೊಟ್ಟಿಯೊಳಗಿನ ವಿದ್ಯುತ್ ಸುರುಳಿಗೆ ಮೊರೆ ಹೋಗಬೇಕು. ಆ ಗುಂಡಿಯನ್ನು ಅಕ್ಟೋಬರಿನಲ್ಲಿ ಆರಿಸಲು ಮರೆತು ವರ್ಷವಿಡೀ ಸೌರ ಹೀಟರಿನ ಹೆಸರಿನಲ್ಲಿ ಗೀಸರನ್ನೇ ಓಡಿಸುವ ಮನೆಗಳನ್ನು ನಾನು ನೋಡಿದ್ದೇನೆ. ಅಡಕೆ ಸಿಪ್ಪೆ ಅಂಗಳದಲ್ಲಿ ರಾಶಿ ಬಿದ್ದಿರುವ ತೋಟದ ಮನೆಯಲ್ಲಿ ಮಾತ್ರ ಆ ನಾಲ್ಕು ತಿಂಗಳು ಹೊಗೆಕೊಳವೆಯ ಒಲೆಯನ್ನು ಕೀಳಬಾರದೆಂದೇ ಹೇಳುತ್ತೇನೆ. ಹಂಡೆ ಹೇಗೂ ಇದೆ.