ವಿದ್ಯುತ್ ರೋಧ ಮತ್ತು ಸಾಮರ್ಥ್ಯದ ಗಣನೆ

ವಾಹಕವೊಂದರ ಎರಡು ತುದಿಗಳ ನಡುವಣ ವಿಭವಾಂತರವನ್ನು ಅದರಲ್ಲಿ ಹರಿಯುವ ಪ್ರವಾಹದಿಂದ ಭಾಗಿಸಿದರೆ ರೋಧವೂ, ಗುಣಿಸಿದರೆ ಸಾಮರ್ಥ್ಯವೂ ದೊರೆಯುವುವು. ವೋಲ್ಟು, ಆಂಪಿಯರುಗಳಲ್ಲಿ ಅಳೆದಾಗ ಮೊದಲನೆಯದು ಓಮುಗಳಲ್ಲಿಯೂ ಎರಡನೆಯದು ವ್ಯಾಟುಗಳಲ್ಲಿಯೂ ಬರುವುದು. ಉಷ್ಣತೆ ಬದಲಾಗದಿದ್ದಲ್ಲಿ ಲೋಹವಾಹಕದ ರೋಧ ಸ್ಥಿರವೆಂಬ ನಿಯಮವನ್ನು 1827ರ ತನ್ನ ಗ್ರಂಥದಲ್ಲಿ ವಿವರಿಸಿದ ಜರ್ಮನಿಯ ಜಾರ್ಜ್ ಸೈಮನ್ ಓಮ್, ಅದಕ್ಕೆ ಮೊದಲು ಬಿಸ್ಮತ್-ತಾಮ್ರಗಳ ಒಂದು ಸಂಧಿಯನ್ನು ಕುದಿಯುವ ನೀರಿನ ಶಾಖದಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯ ತಂಪಿನಲ್ಲಿಯೂ ಇರಿಸಿ, ಏರಿಳಿಯದ ವಿದ್ಯುನ್ಮೂಲವನ್ನು ಪಡೆದಿದ್ದನು. ಇಷ್ಟು ಸರಳವಾದ ಸಂಬಂಧದ ಹಿಂದೆ ಅಷ್ಟು ಶ್ರಮವಿದ್ದಿತೆಂಬುದು ಸ್ಮರಣೀಯ. 230 ವೋಲ್ಟಿನಲ್ಲಿ ನೀರು ಕಾಯಿಸುವ ಸುರುಳಿಯೊಂದು 5 ಆಂಪಿಯರ್ ಸೆಳೆದರೆ ಅದರ ರೋಧ 46 ಓಮ್, ಸಾಮರ್ಥ್ಯ 1,150 ವ್ಯಾಟ್. ಟಂಗ್‌ಸ್ಟನ್ ತಂತುದೀಪದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ತಣ್ಣಗಿರುವ ತಂತುವಿನ ರೋಧವು ಬೆಳಗುವ ತಂತುವಿನದಕ್ಕಿಂತ ಬಹಳ ಕಡಿಮೆಯಾದುದರಿಂದ, ಉರಿಯುತ್ತಿರುವ ದೀಪದ ಪ್ರವಾಹವನ್ನೇ ಅಳೆದು ಗಣಿಸತಕ್ಕದ್ದು.